ಕಣ್ಣಿಗೆ ಒಂದೇ, ಡಿಸ್ಕಿಗೆ ಎರಡು



ಕಾರವಾರದ ಬಳಿಯ ಈ ಹಣಕೋಣದ ಸಾತೇರಿ ದೇವಿ ವರ್ಷಕ್ಕೆ ಏಳು ದಿನ ಮಾತ್ರ ಬಾಗಿಲು ತೆರೆದು ದರ್ಶನ ಕೊಡುವವಳು. ಅಂಥ ಊರಿಗೆ ನನ್ನನ್ನು ಕರೆಸಿ, ಒಂದು ಗಳಿಗೆಯೂ ಬಾಗಿಲು ಹಾಕಬಾರದ ಸರ್ವರ್‌ಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ಸಂಘಟಕರ ಹಾಸ್ಯಪ್ರಜ್ಞೆಗೆ ಶರಣು. ಇಲ್ಲಿ ಹರಿಯುವ ಕಾಳಿ ನದಿಯ ಮೇಲ್ಭಾಗದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಅದನ್ನು ನಿಲ್ಲಿಸಿದ್ದು ಕೆಟ್ಟಿತೆಂದಲ್ಲ, ತಪಾಸಣೆಗೆಂದು. ನಮ್ಮ ಸರ್ವರ್ ಕೋಣೆಗಳಲ್ಲಿ ಅಪ್‌ಟೈಮ್ ಸಂಖ್ಯೆ ತೋರಿಸಿ ಬೀಗುವವರು ಈ ಎರಡನೇ ಅರ್ಧವನ್ನು ಮರೆಯುತ್ತಾರೆ. ಮೂರು ವರ್ಷದಿಂದ ರೀಬೂಟ್ ಆಗಿಲ್ಲ ಎಂದರೆ ಮೂರು ವರ್ಷದಿಂದ ಕರ್ನಲ್ ಪ್ಯಾಚ್ ಹತ್ತಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಆದರೆ ನನ್ನ ಇಂದಿನ ತಕರಾರು ಅದಲ್ಲ.

ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿರುವ ಒಂದೇ ಮಾತನ್ನು ಇಲ್ಲೂ ಹೇಳುತ್ತೇನೆ. ಮುಂದಿನ ಸಾಲಿನಲ್ಲಿರುವ ನನ್ನ ಹಳೆಯ ಶಿಷ್ಯರು ಆಗಲೇ ನಗುತ್ತಿದ್ದಾರೆ, ನಗಲಿ. ಭಿನ್ನ ಆಪರೇಟಿಂಗ್ ಸಿಸ್ಟಮ್‌ಗಳ ಪ್ರಶ್ನೆ ಬಂದಾಗಲೆಲ್ಲ ನಮ್ಮ ಕ್ಷೇತ್ರ ‘ಪ್ರೋಗ್ರಾಮ್ ಎಲ್ಲ ಕಡೆ ಓಡಬೇಕು’ ಎಂದು ಹಟ ಹಿಡಿಯಿತು. ಅದಕ್ಕಾಗಿ ಐವತ್ತು ವರ್ಷ ಬೆವರು ಸುರಿಸಿತು, ಬಹುಪಾಲು ಗೆದ್ದಿತು ಕೂಡ. ಆದರೆ ಓಡಾಡಬೇಕಾದದ್ದು ಪ್ರೋಗ್ರಾಮ್ ಅಲ್ಲ, ಮಾಹಿತಿ. ಪ್ರೋಗ್ರಾಮಿನ ಆಯುಸ್ಸು ಹತ್ತು ವರ್ಷವಿದ್ದರೆ ಹೆಚ್ಚು. ಮಾಹಿತಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬೇಕು. ಅದನ್ನು ಮಾತ್ರ ನಾವು ಹುಟ್ಟಿದ ಯಂತ್ರಕ್ಕೇ ಕಟ್ಟಿಹಾಕಿ ಬಿಟ್ಟೆವು.

ಪ್ರೋಗ್ರಾಮಿನ ಕಡೆಯ ಕತೆಯನ್ನು ನಾನು ಬೆಳೆಸುವುದಿಲ್ಲ. 1973ರಲ್ಲಿ ಯುನಿಕ್ಸ್ ಅನ್ನು ಸಿ ಭಾಷೆಯಲ್ಲಿ ಮತ್ತೆ ಬರೆದದ್ದು, 1988ರ ಪೋಸಿಕ್ಸ್ ಶಿಷ್ಟತೆ ಇವುಗಳ ಬಗ್ಗೆ ಎರಡನೇ ಗೋಷ್ಠಿಯ ಅಧ್ಯಕ್ಷರು ನನಗಿಂತ ಚೆನ್ನಾಗಿ ಹೇಳಬಲ್ಲರು. 1995ರ ಜಾವಾ ಕೊಟ್ಟ ಭರವಸೆ ಎಷ್ಟು ಈಡೇರಿತು ಎಂಬುದಕ್ಕೆ ಎಡಬದಿಯಲ್ಲಿ ಕೂತಿರುವ ಮೇಡಮ್ಮನವರ ಪ್ರಬಂಧವಿದೆ. 2013ರ ಡಾಕರ್ ಬಗ್ಗೆ ಹುಡುಗರು ಮಧ್ಯಾಹ್ನ ಪ್ರಾತ್ಯಕ್ಷಿಕೆ ಮಾಡುತ್ತಾರೆ. ಅವರಿಗೆ ಒಂದೇ ಕಿವಿಮಾತು: ಮ್ಯಾಕ್ ಮೇಲೆ ಡಾಕರ್ ಓಡಿಸಿದಾಗ ಒಳಗೆ ಓಡುವುದು ಒಂದು ಪುಟ್ಟ ಲಿನಕ್ಸ್. ನೀವು ಗಡಿ ದಾಟಿದ್ದಲ್ಲ, ಗಡಿ ಕಾಣದಂತೆ ಪರದೆ ಎಳೆದುಕೊಂಡಿದ್ದೀರಿ. ಪರದೆ ಒಳ್ಳೆಯದೇ. ಅದರ ಹಿಂದೆ ಏನಿದೆ ಎಂದು ಗೊತ್ತಿರಲಿ.

ಈಗ ಮಾಹಿತಿಗೆ ಬರೋಣ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಈ ಊರಿನ ಹೆಸರಲ್ಲೇ ಒಂದು ಫೋಲ್ಡರ್ ಮಾಡಿ. ‘ಹಣಕೋಣ’ ಎಂದು ಕೀಲಿಮಣೆಯಲ್ಲಿ ಒತ್ತಿದರೆ ಯುನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಹ, ಣ, ಕ, ಓತ್ವ, ಣ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಟ್ಟು 15. ಆದರೆ ಓತ್ವವನ್ನು ಬಿಡಿಸಿ ಬರೆಯುವುದಕ್ಕೂ ಯುನಿಕೋಡ್ ಒಪ್ಪುತ್ತದೆ: ಎತ್ವ, ಊಕಾರದ ಕೊಂಬು, ದೀರ್ಘ. ಹಾಗೆ ಬಿಡಿಸಿದರೆ ಸಂಕೇತ ಏಳು, ಬೈಟ್ 21. ಪರದೆಯ ಮೇಲೆ ಎರಡೂ ಹಣಕೋಣವೇ. ಯುನಿಕೋಡ್ ಪ್ರಕಾರವೂ ಎರಡೂ ಸಮಾನ. ಆಪಲ್ ಕಂಪನಿ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. ಲಿನಕ್ಸ್‌ನ ಎಕ್ಸ್‌ಟಿ4 ಕೊಟ್ಟ ಬೈಟ್‌ಗಳನ್ನು ಕೊಟ್ಟಂತೆಯೇ ಇಡುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕೂಡ ಹಾಗೇ. ಹಾಗಾಗಿ ಲಿನಕ್ಸಿನಲ್ಲಿ, ವಿಂಡೋಸಿನಲ್ಲಿ ಎರಡು ಹಣಕೋಣಗಳು ಅಕ್ಕಪಕ್ಕದಲ್ಲೇ ಇರಬಲ್ಲವು. ಹಳೆಯ ಮ್ಯಾಕ್‌ನಲ್ಲಿ ಒಂದಕ್ಕೇ ಜಾಗ.

ಇದು ಪಾಠದ ಕೋಣೆಯ ಚಮತ್ಕಾರ ಎಂದುಕೊಳ್ಳಬೇಡಿ. ಒಂದು ಕಚೇರಿ, ಹೆಸರು ಬೇಡ, ನಮ್ಮ ಜಿಲ್ಲೆಯ ಹಳೆಯ ಕಾಗದಗಳನ್ನು ತಾಲೂಕುವಾರು ಸ್ಕ್ಯಾನ್ ಮಾಡಿಸಿತು. ಸ್ಕ್ಯಾನ್ ಮಾಡಿದವರ ಬಳಿ ಮ್ಯಾಕ್, ಪಟ್ಟಿ ಮಾಡಿದವರ ಬಳಿ ವಿಂಡೋಸ್, ಎಲ್ಲ ಹೋಗಿ ಕೂತದ್ದು ಲಿನಕ್ಸ್ ಸರ್ವರ್‌ನಲ್ಲಿ. ಉದ್ಘಾಟನೆಯ ಹಿಂದಿನ ದಿನ ನೋಡಿದರೆ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ ತೆರೆದುಕೊಳ್ಳುತ್ತವೆ. ಅಂಕೋಲಾ, ಹೊನ್ನಾವರ, ಮುಂಡಗೋಡ, ಜೋಯಿಡಾ, ದಾಂಡೇಲಿ ಮಾತ್ರ ‘ಕಡತ ಸಿಗಲಿಲ್ಲ’ ಎನ್ನುತ್ತವೆ. ಒಬ್ಬರು ಪರ್ಮಿಷನ್ ನೋಡಿದರು. ಒಬ್ಬರು ಕೇಬಲ್ ಬದಲಿಸಿದರು. ಇನ್ನೊಬ್ಬರು, ಆ ತಾಲೂಕುಗಳ ಕಾಗದವನ್ನೇ ಯಾರೋ ಮುಚ್ಚಿಟ್ಟಿದ್ದಾರೆ ಎಂಬ ಗುಮಾನಿಯನ್ನೂ ಹರಡಿದರು. ನನ್ನನ್ನು ಕರೆಸಿದಾಗ ನಾನು ಸರ್ವರ್ ಮುಟ್ಟಲಿಲ್ಲ, ಸಿಕ್ಕ ಹೆಸರು, ಸಿಗದ ಹೆಸರು ಎಂದು ಎರಡು ಪಟ್ಟಿ ಕಾಗದದ ಮೇಲೆ ಬರೆಸಿದೆ. ಸಿಗದ ಐದೂ ಹೆಸರುಗಳಲ್ಲಿ ಒತ್ವ, ಓತ್ವ ಅಥವಾ ಏತ್ವವಿದೆ. ಸಿಕ್ಕ ಏಳರಲ್ಲಿ ಒಂದರಲ್ಲೂ ಇಲ್ಲ. ಓತ್ವದಂತೆ ಉಳಿದೆರಡನ್ನೂ ಮ್ಯಾಕ್ ಬಿಡಿಸಿ ಇಟ್ಟಿತ್ತು, ವಿಂಡೋಸಿನ ಪಟ್ಟಿಯಲ್ಲಿ ಅವು ಕೂಡಿಯೇ ಇದ್ದವು. ಕಡತ ನಕಲಿಸುವ ಆರ್‌ಸಿಂಕ್‌ನಲ್ಲಿ ಇದಕ್ಕೆ ಬಳಸಬಹುದಾದ ಒಂದು ಆಯ್ಕೆಯಿದೆ, ಮ್ಯಾಕ್‌ನ ಬಿಡಿಸಿದ ಹೆಸರನ್ನು ಕೂಡಿಸಿ ಕಳಿಸುವಂಥದ್ದು. ಪ್ರೋಗ್ರಾಮಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಕೂಡ 2012ರಲ್ಲಿ ಅಂಥದ್ದೊಂದನ್ನು ಸೇರಿಸಿಕೊಂಡಿತು. ಆಯ್ಕೆ ಇತ್ತು, ಅದು ಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಏಕೆಂದರೆ ಪಠ್ಯಪುಸ್ತಕದಲ್ಲಿ ಇದರ ಜಾಗದಲ್ಲಿ ಇರುವುದು ದೊಡ್ಡಕ್ಷರ–ಸಣ್ಣಕ್ಷರದ ಅಧ್ಯಾಯ. ಲಿನಕ್ಸಿಗೆ ಆ ಭೇದವಿದೆ, ವಿಂಡೋಸಿಗೆ ಸಾಮಾನ್ಯವಾಗಿ ಇಲ್ಲ ಎಂದು ಹುಡುಗರು ಬಾಯಿಪಾಠ ಮಾಡುತ್ತಾರೆ. ಕನ್ನಡಕ್ಕೆ ಆ ಗೊಡವೆಯೇ ಇಲ್ಲವಲ್ಲ ಮಾರಾಯರೇ! ನಮ್ಮ ತೊಡಕುಗಳು ಬೇರೆ.

ಇನ್ನೊಂದು ಹೇಳಿಬಿಡುತ್ತೇನೆ. ಎಕ್ಸ್‌ಟಿ4ರಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನವರಿಗೆ ಅದು 255 ಅಕ್ಷರ. ನಮಗೆ ಮೂರರಿಂದ ಭಾಗಿಸಿ: 85 ಸಂಕೇತ. ವಿಂಡೋಸ್ ತನ್ನ 255ನ್ನು ಬೇರೆ ಅಳತೆಯಲ್ಲಿ ಎಣಿಸುವುದರಿಂದ ಅಲ್ಲಿ ಕನ್ನಡಕ್ಕೂ ಪೂರಾ 255 ಸಿಗುತ್ತದೆ. ಗ್ರಾಮ, ಹೋಬಳಿ, ಸರ್ವೆ ನಂಬರು, ಅರ್ಜಿದಾರರ ಹೆಸರು ಎಲ್ಲ ಸೇರಿಸಿ ಉದ್ದುದ್ದ ಹೆಸರಿಡುವ ನಮ್ಮ ಗುಮಾಸ್ತರ ಕಡತ ವಿಂಡೋಸ್‌ನಲ್ಲಿ ಸುಖವಾಗಿರುತ್ತದೆ, ಲಿನಕ್ಸಿಗೆ ನಕಲಿಸುವಾಗ ತಿರಸ್ಕೃತವಾಗುತ್ತದೆ.

ಕನ್ನಡದ ಮಟ್ಟಿಗೆ ಮಾಹಿತಿಯನ್ನು ಯಂತ್ರಕ್ಕೆ ಕಟ್ಟಿಹಾಕುವ ಈ ಎಡವಟ್ಟು ಹಳೆಯದು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಎರಡೂ ನಮ್ಮನ್ನು ಕಂಪ್ಯೂಟರಿನಲ್ಲಿ ಕನ್ನಡಿಗರನ್ನಾಗಿ ಮಾಡಿದವು. ಆ ಋಣ ದೊಡ್ಡದು. ಆದರೆ ಆ ಕಾಲದ ಕಡತಗಳಲ್ಲಿದ್ದದ್ದು ಅಕ್ಷರವಲ್ಲ, ಅಕ್ಷರದ ಆಕಾರ. ಫಾಂಟ್ ತೆಗೆದುಬಿಟ್ಟರೆ ಉಳಿಯುವುದು ತಲೆಯ ಮೇಲೆ ಚುಕ್ಕಿ–ಗೀಟು ಹೊತ್ತ ರೋಮನ್ ಅಕ್ಷರಗಳ ರಾಶಿ. ಲಿನಕ್ಸ್ ಸರ್ವರ್‌ನಲ್ಲಿ ಅದನ್ನು ಹುಡುಕುವ ಹಾಗಿಲ್ಲ, ಅಕಾರಾದಿ ಜೋಡಿಸುವ ಹಾಗಿಲ್ಲ. ಅದಕ್ಕೆ ಪ್ರತಿಯಾಗಿ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನೋಡಿ. ಸರ್ಕಾರದ ಶಿಷ್ಟ ವಿನ್ಯಾಸಕ್ಕೆ ಅದೇ ತಳಹದಿಯಾಯಿತು. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಕೈಯಲ್ಲಿರುವ ಫೋನ್ ಇರಲಿ, ಬೆರಳು ಕಲಿತದ್ದು ಬದಲಾಗಿಲ್ಲ. ಯಾಕೆ? ಅದು ಪ್ರೋಗ್ರಾಮ್ ಅಲ್ಲ, ಭಾಷೆಯ ಬಗ್ಗೆ ಮಾಡಿಕೊಂಡ ಒಪ್ಪಂದ. ಒಪ್ಪಂದಗಳು ಗಡಿ ದಾಟುತ್ತವೆ. ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಆಗಿನ ಯಂತ್ರಗಳನ್ನು ಬದಲಿಸಬಹುದು, ಪಹಣಿಯೊಳಗಿನ ರೈತನ ಹೆಸರನ್ನು ಬದಲಿಸುವಂತಿಲ್ಲ.

‘ಹಾಗಾದರೆ ಎಲ್ಲರೂ ಒಂದೇ ಸಿಸ್ಟಮ್ ಬಳಸಿದರೆ ಮುಗಿಯಿತಲ್ಲ ಸರ್?’ ಎಂದು ಪ್ರತಿ ಬಾರಿಯೂ ಯಾರಾದರೂ ಕೇಳುತ್ತಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಕಡತದಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ದಿನ ಲಿನಕ್ಸ್, ಮ್ಯಾಕ್ ಯಂತ್ರಗಳಿಗೆ ಏನೂ ಆಗಲಿಲ್ಲ. ಮೂರು ವಾರ ಕಳೆಯುವುದರೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಇವತ್ತು ಕಾರವಾರದಿಂದ ಬಂದವರೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ ಬಂದಿರಿ. ಬೇರೆ ಕಾಲದಲ್ಲಿ ಬೇರೆಯಾಗಿ ಕಟ್ಟಿದ್ದೊಂದು ಪಕ್ಕದಲ್ಲಿದ್ದುದರಿಂದ ದಾರಿ ಉಳಿಯಿತು. ಸಿಸ್ಟಮ್‌ಗಳು ಬೇರೆ ಬೇರೆ ಇರುವುದು ರೋಗವಲ್ಲ. ಅದಕ್ಕೆ ಔಷಧ ಹುಡುಕಬೇಡಿ.

ಇಲ್ಲಿಂದ ಮುಂದೆ ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಕಣ್ಣಿಗೆ ಒಂದೇ ಆಗಿ, ಡಿಸ್ಕಿಗೆ ಎರಡಾಗಿರುವುದನ್ನು ‘ಇವೆರಡೂ ಒಂದೇ’ ಎಂದು ಸಾರುವ ಅಧಿಕಾರ ಯಾರದು? ಕಡತ ವ್ಯವಸ್ಥೆಯದೇ, ಪ್ರೋಗ್ರಾಮಿನದೇ, ಅಡ್ಮಿನ್‌ನದೇ, ಬರೆದವನದೇ?

ಕಡತ ವ್ಯವಸ್ಥೆಯದೇ ಎಂದಿತು ಎಚ್‌ಎಫ್‌ಎಸ್ ಪ್ಲಸ್. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬಹಿರಂಗವಾಗಿಯೇ ಬೈದವರು. ಅವರ ಸಿಟ್ಟಿಗೆ ಕಾರಣವಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಕೆಳಗೆ ಕ ಒತ್ತು ಬೀಳದಿರಲೆಂದು ನಡುವೆ ಕಾಣದ ಒಂದು ಸಂಕೇತ ಹಾಕುತ್ತೇವಲ್ಲ, ಹೆಸರು ಹೋಲಿಸುವಾಗ ಆ ವ್ಯವಸ್ಥೆ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 2014ರ ಡಿಸೆಂಬರಿನಲ್ಲಿ ಅದರ ಅಪಾಯ ಬಯಲಾಯಿತು. ಗಿಟ್ ತನ್ನ ಒಳಗುಟ್ಟಿನ ಫೋಲ್ಡರ್‌ಗೆ ಹೊರಗಿನವರು ಬರೆಯದಂತೆ ಕಾಯುತ್ತದೆ. ಆ ಫೋಲ್ಡರಿನ ಹೆಸರಿನ ನಡುವೆ ಕಾಣದ ಸಂಕೇತ ತುರುಕಿದರೆ ಗಿಟ್ ‘ಇದು ಬೇರೆ’ ಎಂದು ಒಳಗೆ ಬಿಟ್ಟಿತು, ಡಿಸ್ಕ್ ‘ಅದೇ ಇದು’ ಎಂದು ಬರೆಸಿಕೊಂಡಿತು. ಇಬ್ಬರು ಕಾವಲುಗಾರರ ನಡುವೆ ಒಮ್ಮತವಿಲ್ಲದಿದ್ದರೆ ಕಳ್ಳನಿಗೆ ಅಷ್ಟೇ ಸಾಕು. 2017ರಲ್ಲಿ ಆಪಲ್ ಹೊಸ ವ್ಯವಸ್ಥೆಗೆ ಹೋದಾಗ ಹೆಸರನ್ನು ಬರೆದಂತೆಯೇ ಇಟ್ಟುಕೊಂಡು, ಹುಡುಕುವಾಗ ಮಾತ್ರ ಸಮಾನವೆಂದು ನೋಡುವ ನಡುದಾರಿ ಹಿಡಿಯಿತು.

ನಡುದಾರಿಯೇ ಸರಿ ಎಂದುಕೊಳ್ಳುವಷ್ಟರಲ್ಲಿ ಅಂಕೋಲಾ ಎದುರಾಗುತ್ತದೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನೇ ಒತ್ತಿ ‘ಅ೦ಕೋಲಾ’ ಎಂದು ಬರೆದವರು ಎಷ್ಟೋ ಜನ. ಬಹಳಷ್ಟು ಫಾಂಟ್‌ಗಳಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಹಣಕೋಣದ ಎರಡು ರೂಪ ಒಂದೇ ಎಂದು ಯುನಿಕೋಡ್ ಹೇಳಿತ್ತು. ಇಲ್ಲಿ ಅದು ಕೈಯೆತ್ತುತ್ತದೆ, ಒಂದು ಅಕ್ಷರ, ಇನ್ನೊಂದು ಅಂಕಿ. ಸರಿ, ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿ ಎಂದರೆ ಸರ್ವೆ ನಂಬರ್ ೧೦ ಹಾಳಾಗುತ್ತದೆ. ಅಕ್ಷರದ ನಂತರ ಬಂದರೆ ಅನುಸ್ವಾರ, ಅಂಕಿಯ ನಂತರ ಬಂದರೆ ಸೊನ್ನೆ ಎಂದು ನಿಯಮ ಮಾಡಿದರೆ ‘ಅ೦೭’ ಎಂಬ ಕಡತ ಸಂಖ್ಯೆ ಕೆಡುತ್ತದೆ. ಇನ್ನು ಮಾಜಾಳಿ ಗಡಿ ದಾಟಿ ಗೋವಾಕ್ಕೆ ಹೋದರೆ ಇದೇ ಊರಿನ ಹೆಸರು ದೇವನಾಗರಿಯಲ್ಲೋ ರೋಮನ್‌ನಲ್ಲೋ ದಾಖಲಾಗಿರುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂಬಳದ ಚೀಟಿಯಲ್ಲಿ ಇಂಗ್ಲಿಷ್ ಇರುವ ಇಲ್ಲಿನ ಮನುಷ್ಯ ಒಬ್ಬನೇ ಎಂದು ಯಾವ ಕರ್ನಲ್‌ಗೂ ಗೊತ್ತಾಗುವುದಿಲ್ಲ.

ನನ್ನ ಒಲವು ಹೇಳುತ್ತೇನೆ, ತೀರ್ಪು ಅಲ್ಲ. ಯಂತ್ರ ತಾನಾಗಿ ತಿದ್ದಬಾರದು. ಅನುಮಾನ ಬಂದರೆ ಬರೆಯುವವನನ್ನು ಬರೆಯುವ ಕ್ಷಣದಲ್ಲೇ ಕೇಳಬೇಕು, ಮೂಲವನ್ನು ಹಾಗೇ ಉಳಿಸಿ ಹುಡುಕಾಟಕ್ಕೆ ಬೇರೆ ಕೀಲಿ ಇಟ್ಟುಕೊಳ್ಳಬೇಕು. ಆದರೆ ಈಗಾಗಲೇ ಡಿಸ್ಕಿನಲ್ಲಿ ಕೂತಿರುವ ಲಕ್ಷಾಂತರ ಹೆಸರುಗಳನ್ನು ಬರೆದವರು ಇಂದು ಕೇಳಲು ಸಿಗುವುದಿಲ್ಲ. ಅವುಗಳ ಬಗ್ಗೆ ಯಾರು ಮಾತಾಡಬೇಕು? ಭದ್ರತೆಯ ಗೋಷ್ಠಿಯಲ್ಲಿ ಮಾತಾಡಲಿರುವ ಗೆಳೆಯರು ‘ಒಂದು ಬೈಟ್ ಬೇರೆಯಾದರೂ ಬೇರೆಯೇ’ ಎನ್ನುತ್ತಾರೆ. ಗ್ರಂಥಪಾಲಕರು ‘ಓದುಗನಿಗೆ ಸಿಗದಿದ್ದರೆ ಇದ್ದೂ ಇಲ್ಲ’ ಎನ್ನುತ್ತಾರೆ. ಇಬ್ಬರೂ ಸರಿ. ಒಂದೇ ಕೋಣೆಯಲ್ಲಿ ಇವರಿಬ್ಬರನ್ನೂ ಕೂರಿಸಿದ್ದಕ್ಕೆ ಸಂಘಟಕರಿಗೆ ಕೃತಜ್ಞತೆ.

ಸಮಯ ಮುಗಿಯಿತೆಂದು ನಿರೂಪಕರು ಚೀಟಿ ಕಳಿಸಿದ್ದಾರೆ. ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಕೂರುತ್ತೇನೆ. ಊಟದ ನಂತರ ನಿಮ್ಮ ನಿಮ್ಮ ಊರಿನ ಹೆಸರಿನಲ್ಲಿ ಒಂದು ಕಡತ ಮಾಡಿ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಸುತ್ತಿಸಿ, ಪ್ರತಿ ನಿಲ್ದಾಣದಲ್ಲೂ ಬೈಟ್ ಎಣಿಸಿ ಬರೆದಿಡಿ. ಹೆಸರು ಹೋದಂತೆಯೇ ಮರಳಿದರೆ ಸಂತೋಷ. ಮರಳದಿದ್ದರೆ ಯಾರು, ಎಲ್ಲಿ, ಯಾರನ್ನೂ ಕೇಳದೆ ಬದಲಿಸಿದರು ಎಂಬುದನ್ನು ಸಮಾರೋಪದಲ್ಲಿ ಎದ್ದು ನಿಂತು ಹೇಳಿ. ಹಿರಿಯರು ಉತ್ತರ ಕೊಡಲಿ.