ಗುರುಗಳ ಸಂಘಟನೆ ಮತ್ತು ನಮ್ಮ ಹೊಣೆ



ಶತಮಾನೋತ್ಸವದ ಈ ಪುಣ್ಯದಿನದಂದು, ನಮ್ಮ ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದ ಗುರುಗಳೆಲ್ಲರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅವರು ಕಟ್ಟಿಸಿದ ಗೋಡೆಗಳನ್ನು ಬಲ್ಲೆವು. ಅವರು ಸಹಿಸಿದ ಒಂಟಿತನವನ್ನು ಬಲ್ಲೆವೇ?

ಈ ಸೀಮೆಯಲ್ಲಿ ಆ ಒಂಟಿತನವು ಹಳೆಯದು. 18ನೆಯ ಶತಮಾನದ ಆದಿಯಲ್ಲಿ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಯೇಸುಸಭೆಯ ಗುರುಗಳು ಚಿಕ್ಕಬಳ್ಳಾಪುರದಲ್ಲಿ ನೆಲೆಸಿ, ದೂರದೇಶದ ಸಹೋದರರಿಗೆ ಪತ್ರಗಳನ್ನು ಬರೆದರು. ಅವರ ಸಭೆಯೇ ಅವರಿಗೆ ಬೆಂಬಲವಾಗಿತ್ತು. 1773ರಲ್ಲಿ ಜಗದ್ಗುರು 14ನೆಯ ಕ್ಲೆಮೆಂಟರು ಆ ಸಭೆಯನ್ನು ವಿಸರ್ಜಿಸಿದಾಗ ಆ ಬೆಂಬಲವೂ ಇಲ್ಲವಾಯಿತು.

ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿವೆ. ಧಾರ್ಮಿಕ ಸಭೆಗಳಿಗೆ ಸೇರಿದ ಗುರುಗಳಿಗೆ ಸಮುದಾಯದ ಮನೆಯುಂಟು. ಧರ್ಮಪ್ರಾಂತೀಯ ಗುರುಗಳಿಗೆ ಅಂಥದಿಲ್ಲ. ಅನೇಕ ವೇಳೆ ಗುರುಮನೆಯಲ್ಲಿ ಅವರೊಬ್ಬರೇ. ಹಗಲೆಲ್ಲ ಪರರ ಕಷ್ಟವನ್ನು ಕೇಳಿದವರು ತಮ್ಮ ಕಷ್ಟವನ್ನು ಯಾರಲ್ಲಿ ಹೇಳಿಕೊಳ್ಳಬೇಕು?

"ಗುರುಗಳಿಗೆ ಸಂಘವೇಕೆ?" ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಅದಕ್ಕೆ ಧರ್ಮಸಭೆಯೇ ಉತ್ತರ ಕೊಟ್ಟಿದೆ. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಗುರುಗಳ ಸೇವೆ ಮತ್ತು ಜೀವನವನ್ನು ಕುರಿತು ಪ್ರಕಟಿಸಿದ ಆದೇಶಪತ್ರವು ಇಂಥ ಸಂಘಗಳನ್ನು ಪ್ರೋತ್ಸಾಹಿಸಿತು. ರೋಗಿಗಳಾದ, ದುಡಿದು ಬಳಲಿದ, ಒಂಟಿಯಾದ ಗುರುಗಳನ್ನು ಸಹಗುರುಗಳು ವಿಶೇಷವಾಗಿ ನೋಡಿಕೊಳ್ಳಬೇಕೆಂದಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 278ನೆಯ ವಿಧಿಯು ತಮ್ಮ ದೀಕ್ಷೆಗೆ ಒಪ್ಪುವ ಸಂಘ ಕಟ್ಟುವುದನ್ನು ಧರ್ಮಪ್ರಾಂತೀಯ ಗುರುಗಳ ಹಕ್ಕೆಂದು ಸಾರಿದೆ. 281ನೆಯ ವಿಧಿಯು ತಕ್ಕ ಜೀವನವೇತನವನ್ನೂ, ಕಾಯಿಲೆ ಮುಪ್ಪುಗಳಲ್ಲಿ ಆಸರೆಯನ್ನೂ ವಿಧಿಸಿದೆ. 495ನೆಯ ವಿಧಿಯಂತೆ ಪ್ರತಿ ಧರ್ಮಪ್ರಾಂತ್ಯದಲ್ಲಿಯೂ ಗುರುಗಳ ಪರಿಷತ್ತು ಇರಬೇಕು. ಅದರ ಸುಮಾರು ಅರ್ಧದಷ್ಟು ಸದಸ್ಯರನ್ನು ಗುರುಗಳೇ ಚುನಾಯಿಸುತ್ತಾರೆ. ಮಹತ್ವದ ವಿಷಯಗಳಲ್ಲಿ ಧರ್ಮಾಧ್ಯಕ್ಷರು ಅದರ ಅಭಿಪ್ರಾಯವನ್ನು ಕೇಳಬೇಕು. ತೀರ್ಮಾನವು ಸಾಮಾನ್ಯವಾಗಿ ಅವರದೇ. ರಾಷ್ಟ್ರಮಟ್ಟದಲ್ಲಿ ಸಿ.ಡಿ.ಪಿ.ಐ. ಎಂಬ ಧರ್ಮಪ್ರಾಂತೀಯ ಗುರುಗಳ ಸಂಘಟನೆಯೂ ಇದೆ.

ಕಾಯಿಲೆಯ ಖರ್ಚನ್ನು ತಾವೇ ಕೇಳಿದ ಗುರುಗಳಿಗೆ ಸ್ವಾರ್ಥಿಗಳೆಂಬ ಹೆಸರು ಬರುತ್ತದೆ; ಅವರ ಪರವಾಗಿ ಸಹೋದರರು ಕೇಳಿದರೆ ಅದು ನ್ಯಾಯವೆನಿಸುತ್ತದೆ. ಸಂಘದ ಅಗತ್ಯವಿರುವುದು ಇಲ್ಲಿಯೇ. ಆದರೆ ಸಂಘವು ಜಾತಿಯ, ಭಾಷೆಯ ಗುಂಪಾದರೆ ಗುರುದೀಕ್ಷೆಯ ಸಹೋದರತ್ವವನ್ನೇ ಒಡೆಯುತ್ತದೆ. ಆರೋಪಕ್ಕೊಳಗಾದವರಿಗೆ ನ್ಯಾಯವಾದ ವಿಚಾರಣೆಯನ್ನು ಅದು ಬೇಡಲಿ. ತಪ್ಪನ್ನು ಮಾತ್ರ ಮುಚ್ಚದಿರಲಿ.

ನಮಗೂ ಹೊಣೆಯುಂಟು. ಗುರುಗಳ ಮೇಲೆ ದೂರು ಒಯ್ಯಲು ನಾವು ಬೆಂಗಳೂರಿನವರೆಗೂ ಹೋಗುತ್ತೇವೆ. ಅವರ ಜ್ವರವನ್ನು ವಿಚಾರಿಸಲು ಗುರುಮನೆಯ ಮೆಟ್ಟಿಲು ಹತ್ತುವುದಿಲ್ಲ. ಅವರು ಸಹಗುರುಗಳ ಸಭೆಗೆ ಹೋದ ದಿನ, "ಸ್ವಾಮಿಯವರು ಊರಲ್ಲೇ ಇರುವುದಿಲ್ಲ" ಎಂದು ಗೊಣಗುತ್ತೇವೆ. ನಿವೃತ್ತರಾದವರನ್ನಂತೂ ಮರೆತೇಬಿಡುತ್ತೇವೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರನ್ನು ನಾವೆಲ್ಲ ನೋಡಿದ್ದೇವೆ. ಒಂದೇ ಗೂಡಿನ ಎಳೆಯಿಂದ ನೂಲಾಗದು. ಹಲವು ಗೂಡುಗಳ ಎಳೆಗಳು ಕೂಡಿದರೆ ಮಾತ್ರ ಮಗ್ಗಕ್ಕೆ ತಡೆಯುವ ನೂಲಾಗುತ್ತದೆ. ಪ್ರಭು ಕ್ರಿಸ್ತರೂ ತಮ್ಮ ಪ್ರೇಷಿತರನ್ನು ಇಬ್ಬಿಬ್ಬರಾಗಿ ಕಳುಹಿಸಿದರು. ನಮ್ಮ ಗುರುಗಳು ಒಂದಾಗಿರಲೆಂದು ಪ್ರಾರ್ಥಿಸೋಣ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರದಲ್ಲಿ ಯಾವ ಗುರುಗಳೂ ಒಂಟಿಯಾಗದಂತೆ ನೋಡಿಕೊಳ್ಳುವೆವೆಂದು ಇಂದೇ ಸಂಕಲ್ಪ ಮಾಡೋಣ.