ಹರಿಶ್ಚಂದ್ರನ ಕಥೆಯೂ ಬೆಳ್ಳಿತೆರೆಯೂ

1913ನೆಯ ಇಸವಿ ಮೇ ತಿಂಗಳ 3ನೆಯ ತಾರೀಖಿನಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಸಾರ್ವಜನಿಕರ ಎದುರಿಗೆ ಬಂದಿತು. ಭಾರತೀಯರು ತಯಾರಿಸಿದ ಮೊದಲನೆಯ ಪೂರ್ಣಪ್ರಮಾಣದ ಕಥಾಚಿತ್ರವೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು ಇದೇ. ಇಪ್ಪತ್ತೊಂದು ವರ್ಷಗಳ ತರುವಾಯ, 1934ರಲ್ಲಿ, ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನ' ತೆರೆಯ ಮೇಲೆ ಮೂಡಿತು. ಅದು ಇಂದ್ರಜಿತುವಿನ ಹೆಂಡತಿಯ ಕಥೆ. ಚಿತ್ರಕಲೆ ಮೂಕವಾಗಿದ್ದಾಗಲೂ, ಮಾತು ಕಲಿತಾಗಲೂ, ನಮ್ಮವರು ಮೊದಲು ಕೈಹಾಕಿದ್ದು ಪುರಾಣದ ಬುಟ್ಟಿಗೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂಕಚಿತ್ರದಲ್ಲಿ ಕಥೆಯನ್ನು ಬಿಡಿಸಿ ಹೇಳುವುದು ಕಷ್ಟ. ನೋಡುವವನಿಗೆ ಕಥೆ ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆಯೇ.

ಫಾಲ್ಕೆಯವರಿಗೆ ಈ ಹುಚ್ಚು ಹಿಡಿದ ಬಗೆ ಮಾತ್ರ ಸ್ವಾರಸ್ಯವಾದುದು. ಅವರು ಮುಂಬಯಿಯಲ್ಲಿ ಯೇಸುಕ್ರಿಸ್ತನ ಜೀವನವನ್ನು ಕುರಿತ ಒಂದು ವಿದೇಶೀ ಚಿತ್ರವನ್ನು ನೋಡಿದರು. ಕಣ್ಣೆದುರಿಗೆ ಕ್ರಿಸ್ತನ ಆಕೃತಿ ಸಾಗುತ್ತಿರಲು, ಅವರ ಮನಸ್ಸಿನಲ್ಲಿ ಕೃಷ್ಣನೂ ರಾಮನೂ ಸಾಗತೊಡಗಿದರಂತೆ. ಅನಂತರ ಅವರು ವಿಮೆಯ ಪತ್ರವನ್ನು ಒತ್ತೆಯಿಟ್ಟು, 1912ರಲ್ಲಿ ಲಂಡನ್ನಿಗೆ ಹೋಗಿ, ಯಂತ್ರವನ್ನು ಕೊಂಡು, ಕೆಲಸವನ್ನು ಕಲಿತು ಬಂದರು. ಹರಿಶ್ಚಂದ್ರನ ರಾಣಿಯಾಗಿ ನಟಿಸಲು ಯಾವ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಸಾಳುಂಕೆಯೆಂಬ ಯುವಕನೇ ಸೀರೆಯುಟ್ಟು ತಾರಾಮತಿಯಾದನು. ಮಗ ರೋಹಿತಾಶ್ವನಾದವನು ಫಾಲ್ಕೆಯವರ ಸ್ವಂತ ಮಗನೇ. ನಾಲ್ಕು ವರ್ಷಗಳ ಮೇಲೆ, 'ಲಂಕಾದಹನ'ದಲ್ಲಿ, ಅದೇ ಸಾಳುಂಕೆ ರಾಮನೂ ಆದನು, ಸೀತೆಯೂ ಆದನು!

ಪುರಾಣದ ಚಿತ್ರವೊಂದು ಹೊರಬಂದಾಗಲೆಲ್ಲ ಕೇಳಿಬರುವ ಆಕ್ಷೇಪಣೆಯೊಂದುಂಟು: "ಇದು ಮೂಲದಲ್ಲಿಲ್ಲ, ಮೂಲಕ್ಕೆ ಅಪಚಾರವಾಯಿತು." ಈ ಮಾತನ್ನು ನಾವು ಲಘುವಾಗಿ ತಳ್ಳಿಹಾಕುವವರಲ್ಲ. ಆದರೆ ಯಾವ ಮೂಲ ಎಂದು ಕೇಳಬೇಕಾಗುತ್ತದೆ. ಐತರೇಯ ಬ್ರಾಹ್ಮಣದಲ್ಲಿ ಬರುವ ಹರಿಶ್ಚಂದ್ರನಿಗೆ ನೂರು ಮಂದಿ ಹೆಂಡಿರು, ಮಕ್ಕಳಿಲ್ಲ. ಮಗ ಹುಟ್ಟಿದರೆ ಅವನನ್ನೇ ನಿನಗೆ ಬಲಿ ಕೊಡುತ್ತೇನೆಂದು ಅವನು ವರುಣನಿಗೆ ಹರಕೆ ಹೊರುತ್ತಾನೆ. ಮಗ ಹುಟ್ಟುತ್ತಾನೆ. ವರುಣನು ಕೇಳಿದಾಗ, ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಬಂದ ಹಲ್ಲು ಬೀಳಲಿ, ಬಿದ್ದದ್ದು ಮತ್ತೆ ಹುಟ್ಟಲಿ, ಹುಡುಗ ಕವಚ ತೊಡುವಂತಾಗಲಿ ಎಂದು ಮುಂದಕ್ಕೆ ಹಾಕುತ್ತಲೇ ಹೋಗುತ್ತಾನೆ. ಕೊನೆಗೆ ಮಗ ಕಾಡಿಗೆ ಓಡುತ್ತಾನೆ, ತಂದೆಗೆ ಜಲೋದರ ಹಿಡಿಯುತ್ತದೆ, ನೂರು ಹಸುಗಳಿಗೆ ಕೊಂಡ ಶುನಃಶೇಪನೆಂಬ ಬಡ ಹುಡುಗ ಯೂಪಸ್ತಂಭಕ್ಕೆ ಬರುತ್ತಾನೆ. ಸತ್ಯಕ್ಕೆ ಹೆಸರಾದ ಅರಸನು ತನ್ನ ಅತಿ ಪುರಾತನವಾದ ಕಥೆಯಲ್ಲಿ ಕೊಟ್ಟ ಮಾತನ್ನು ಸಾಗಹಾಕುವವನು! ನಾವು ಬಲ್ಲ ಕಥೆ, ಎಂದರೆ ವಿಶ್ವಾಮಿತ್ರನಿಗೆ ರಾಜ್ಯವನ್ನೊಪ್ಪಿಸಿ ಹೆಂಡತಿ ಮಕ್ಕಳನ್ನು ಮಾರಿ ಸುಡುಗಾಡು ಕಾಯುವ ಅರಸನ ಕಥೆ, ಮಾರ್ಕಂಡೇಯ ಪುರಾಣದಲ್ಲಿದೆ. ಹದಿಮೂರನೆಯ ಶತಮಾನದ ನಮ್ಮ ರಾಘವಾಂಕನು ಅದನ್ನೂ ಮಾರ್ಪಡಿಸಿದನು. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ವಾದ ಹೂಡಿಸಿ, ಇಡೀ ಕಥೆಯನ್ನು ಒಂದು ಪಂಥದ ಮೇಲೆ ನಿಲ್ಲಿಸಿದನು.

ಅಪಚಾರದ ಕೂಗು ರಾಘವಾಂಕನನ್ನೂ ಬಿಟ್ಟಿಲ್ಲ. ಶಿವಭಕ್ತರನ್ನು ಬಿಟ್ಟು ನರನಾದ ಅರಸನನ್ನು ಹಾಡಿದನೆಂದು ಅವನ ಸೋದರಮಾವನೂ ಗುರುವೂ ಆದ ಹರಿಹರನು ಸಿಟ್ಟಾಗಿ ಹೊಡೆದನೆಂದೂ, ರಾಘವಾಂಕನ ಹಲ್ಲುಗಳು ಉದುರಿದುವೆಂದೂ, ಶರಣರ ಕಾವ್ಯಗಳನ್ನು ಬರೆದ ಮೇಲೆ ಅವು ಮರಳಿ ಬಂದುವೆಂದೂ ಐತಿಹ್ಯ. ಈಗಿನ ಚಿತ್ರ ನಿರ್ದೇಶಕರು ಟೀಕಾಕಾರರ ಮೇಲೆ ದೂರು ಹೇಳುವಾಗ ಈ ಹಲ್ಲುಗಳನ್ನು ನೆನೆದುಕೊಳ್ಳಬಹುದು.

ಆದ್ದರಿಂದ ಮಾರ್ಪಾಟು ತಪ್ಪಲ್ಲ. ಯಾವುದನ್ನು ಮಾರ್ಪಡಿಸುತ್ತೇವೆ, ಏತಕ್ಕಾಗಿ, ಎಂಬುದೇ ಪ್ರಶ್ನೆ. ಚಿತ್ರಕ್ಕೆ ಅತ್ಯಂತ ಸುಲಭವಾದುದು ಪವಾಡ. ಫಾಲ್ಕೆಯವರು ಯಾಗದ ಉರಿಯಲ್ಲಿ ಮೂರು ಶಕ್ತಿಗಳನ್ನು ಮೂಡಿಸಿದಾಗ ಅದು ನಿಜವಾಗಿಯೂ ಕೈಚಳಕ. ಇಂದು ಗಣಕಯಂತ್ರದ ಮುಂದೆ ಕುಳಿತವನು ಮೂರು ಲೋಕಗಳನ್ನೂ ಮೂಡಿಸಬಲ್ಲನು. ಪವಾಡವು ಇಷ್ಟು ಅಗ್ಗವಾದ ಮೇಲೆ ಅದರಿಂದ ಭಕ್ತಿ ಹುಟ್ಟುತ್ತದೆಂದು ನಂಬುವುದು ಕಷ್ಟ. ಭಕ್ತಿ ಹುಟ್ಟುವುದಾದರೆ ಬೇರೆ ಕಡೆಯಿಂದ ಹುಟ್ಟುತ್ತದೆ. ದೂರದರ್ಶನದಲ್ಲಿ ರಾಮಾನಂದ ಸಾಗರರ 'ರಾಮಾಯಣ' 1987ರ ಜನವರಿಯಲ್ಲಿ ಆರಂಭವಾದಾಗ ನಾವು ಸಣ್ಣ ಹುಡುಗರು. ಭಾನುವಾರ ಬೆಳಗ್ಗೆ ನೆರೆಮನೆಯಲ್ಲಿ ಇಡೀ ಬೀದಿಯೇ ಸೇರುತ್ತಿತ್ತು. ಆ ಮನೆಯ ಅಜ್ಜಿ ಪೆಟ್ಟಿಗೆಗೆ ಕುಂಕುಮವಿಟ್ಟು ಊದುಬತ್ತಿ ಹಚ್ಚುತ್ತಿದ್ದರು. ಬಾಣಗಳು ಆಕಾಶದಲ್ಲಿ ಬಣ್ಣಬಣ್ಣವಾಗಿ ಡಿಕ್ಕಿ ಹೊಡೆಯುವಾಗ ನಾವು ಹುಡುಗರು ಚಪ್ಪಾಳೆ ತಟ್ಟುತ್ತಿದ್ದೆವು; ಅಜ್ಜಿ ಅದನ್ನು ಅಷ್ಟಾಗಿ ಲಕ್ಷಿಸುತ್ತಿರಲಿಲ್ಲ. ರಾಮನು ಕಾಡಿಗೆ ಹೊರಟು ನಿಂತ ದಿನ ಮಾತ್ರ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಹುಡುಗರು ಸದ್ದುಮಾಡಬಾರದೆಂದು ಗದರಿಸಿದ್ದು ನಮಗೆ ನೆನಪಿದೆ. ಅಲ್ಲಿ ಯಾವ ಪವಾಡವೂ ಇರಲಿಲ್ಲ. ಒಬ್ಬ ಮಗ ಹೊಸ್ತಿಲು ದಾಟುತ್ತಿದ್ದನು, ಅಷ್ಟೆ.

ನಾಟಕಕ್ಕೂ ಚಿತ್ರಕ್ಕೂ ಇರುವ ಒಂದು ಭೇದವನ್ನು ಇಲ್ಲಿ ಹೇಳಬೇಕು. ರಂಗಸ್ಥಳಕ್ಕೂ ಪ್ರೇಕ್ಷಕನಿಗೂ ನಡುವೆ ಕದಲದ ದೂರವೊಂದಿರುತ್ತದೆ. ನಮ್ಮ ಮೊದಲ ವಾಕ್ಚಿತ್ರಗಳ ನಟರೆಲ್ಲ ಆ ದೂರಕ್ಕೆ ಪಳಗಿದ ಕಂಪನಿ ನಾಟಕದವರು. 'ಸತಿ ಸುಲೋಚನ'ದ ಸುಬ್ಬಯ್ಯನಾಯಿಡು, ನಾಗೇಂದ್ರರಾಯರು ಆ ಪರಂಪರೆಯವರೇ. ಛಾಯಾಗ್ರಾಹಕ ಯಂತ್ರವಾದರೋ ಎದ್ದು ಮುಖದ ಬಳಿಗೆ ನಡೆದುಹೋಗುತ್ತದೆ. ಕವಿಯು ಒಂದು ಮಾತಿನಲ್ಲಿ ದಾಟಿಹೋದ ಮನುಷ್ಯನಿಗೆ ಅಲ್ಲಿ ಕಣ್ಣು, ಹುಬ್ಬು, ಬೆವರು ಎಲ್ಲವೂ ಬೇಕು. ಪುರಾಣವು ಹತ್ತಿರ ಬಂದಾಗ ಅದರ ಮುಜುಗರಗಳೂ ಹತ್ತಿರ ಬರುತ್ತವೆ.

ರಾಘವಾಂಕನ ಕಾವ್ಯದಲ್ಲಿ ಅಂಥದೊಂದು ಸ್ಥಳವಿದೆ. ನಮ್ಮ ಅಭಿಪ್ರಾಯದಲ್ಲಿ ಕಾವ್ಯದ ಕೀಲೇ ಅದು. ಬೇಟೆಯಲ್ಲಿ ಬಳಲಿದ ಅರಸನ ಬಳಿಗೆ ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಇಬ್ಬರು ಅನಾಮಿಕ ಕನ್ಯೆಯರು ಬಂದು ಹಾಡುತ್ತಾರೆ. ಅನಾಮಿಕರೆಂದರೆ ಮುಟ್ಟಬಾರದವರೆಂದು ದೂರವಿಡಲ್ಪಟ್ಟ ಕುಲದವರು. ಅರಸನು ಮೆಚ್ಚಿ ಆಭರಣಗಳನ್ನು ಕೊಡಹೋಗುತ್ತಾನೆ. ಬಿಸಿಲಿನ ಬೇಗೆಯಲ್ಲಿ ಬೆಂದವರಿಗೆ ಬೇಕಾದುದು ಒಡವೆಯಲ್ಲ, ನೆರಳು ಎಂದು ಅವರು ಮುತ್ತಿನ ಸತ್ತಿಗೆಯನ್ನು ಕೇಳುತ್ತಾರೆ. ವಂಶದಿಂದ ಬಂದ ಸತ್ತಿಗೆಯನ್ನು ಕೊಡಲಾಗದೆಂದು ಅರಸನ ಉತ್ತರ. ಹಾಗಾದರೆ ನಮ್ಮನ್ನು ಮದುವೆಯಾಗೆಂದು ಅವರು ಕೇಳುತ್ತಾರೆ. ಅರಸನು ಕೆರಳಿ ಕುಲದ ಮಾತೆತ್ತುತ್ತಾನೆ. ಆಗ ಆ ಹೆಣ್ಣುಮಕ್ಕಳು ಆಡುವ ವಾದ ಕನ್ನಡ ಕಾವ್ಯದಲ್ಲಿಯೇ ಅಪೂರ್ವವಾದುದು. ನಮ್ಮ ಹಾಡನ್ನು ಕೇಳಿದ ಕಿವಿಗೆ ಹೊಲೆಯಿಲ್ಲ, ನಮ್ಮ ರೂಪನ್ನು ನೋಡಿದ ಕಣ್ಣಿಗಿಲ್ಲ, ನಮ್ಮೊಡನೆ ಮಾತಾಡಿದ ನಾಲಗೆಗಿಲ್ಲ, ನಮ್ಮ ಮೈಗಂಪನ್ನು ಉಂಡ ಮೂಗಿಗಿಲ್ಲ. ಐದು ಇಂದ್ರಿಯಗಳಲ್ಲಿ ಸ್ಪರ್ಶವೊಂದಕ್ಕೆ ಮಾತ್ರ ಮೈಲಿಗೆ ಎಲ್ಲಿಂದ ಬಂತು? ಇದು ಅವರ ವಾದದ ತಿರುಳು. ಅರಸನಲ್ಲಿ ಇದಕ್ಕೆ ಸರಿಯಾದ ಉತ್ತರವಿಲ್ಲ. ಅವನು ಅವರನ್ನು ಹೊಡೆದಟ್ಟುತ್ತಾನೆ. ಮುನಿಯು ಬಂದು ಇವರನ್ನು ಮದುವೆಯಾಗೆಂದು ಹಟಹಿಡಿದಾಗ, ರಾಜ್ಯವನ್ನಾದರೂ ಕೊಟ್ಟೇನು, ಇದೊಂದನ್ನು ಮಾಡಲಾರೆನೆಂದು ರಾಜ್ಯವನ್ನೇ ಒಪ್ಪಿಸಿಬಿಡುತ್ತಾನೆ.

ಮುಂದೆ ಕಾಶಿಯಲ್ಲಿ ಅದೇ ಅರಸನನ್ನು ಸಾಲ ತೀರಿಸಲು ಕೊಳ್ಳುವವನು ಯಾರು? ವೀರಬಾಹುಕನೆಂಬ ಚಂಡಾಲ. ಮುಟ್ಟಲಾರೆನೆಂದವನು ಅವನ ಆಳಾಗಿ, ಅವನ ಸುಡುಗಾಡಿನಲ್ಲಿ, ಅವನಿಗೆ ಸಲ್ಲಬೇಕಾದ ತೆರಿಗೆಯನ್ನು ಸತ್ತ ಮಗನನ್ನು ಹೊತ್ತುತಂದ ಹೆಂಡತಿಯಿಂದಲೇ ಕೇಳುತ್ತಾನೆ. ಕಾವ್ಯದ ಮೊದಲರ್ಧದ ಪ್ರಶ್ನೆಗೆ ಎರಡನೆಯ ಅರ್ಧವು ಮೌನವಾಗಿ ಉತ್ತರ ಕೊಡುತ್ತಿದೆ. ಅರಸನ ಗೌರವಕ್ಕೆ ಕುಂದೆಂದು ಭಾವಿಸಿ ಅನಾಮಿಕ ಕನ್ಯೆಯರನ್ನು ಕತ್ತರಿಸಿದರೆ, ಅಥವಾ ನಾಟ್ಯಕ್ಕೊಂದು ನೆಪವಾಗಿ ಅವರನ್ನು ತಂದು ಕುಣಿಸಿ ಕಳುಹಿಸಿದರೆ, ವೀರಬಾಹುಕನು ಕೇವಲ ಒಂದು ಕಷ್ಟವಾಗಿಬಿಡುತ್ತಾನೆ, ಉತ್ತರವಾಗುವುದಿಲ್ಲ.

ಕನ್ನಡದಲ್ಲಿ ರಾಘವಾಂಕನನ್ನು ಆಧರಿಸಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ' 1965ರಲ್ಲಿ ಬಂದಿತು. ರಾಜಕುಮಾರರು ಹರಿಶ್ಚಂದ್ರ, ಪಂಡರೀಬಾಯಿಯವರು ಚಂದ್ರಮತಿ, ಉದಯಕುಮಾರರು ವಿಶ್ವಾಮಿತ್ರ, ಎಂ. ಪಿ. ಶಂಕರ್ ಅವರು ವೀರಬಾಹು. ಈ ಚಿತ್ರದಲ್ಲಿ ವೀರಬಾಹುವಿಗೆ ಒಂದು ಹಾಡುಂಟು. ಕುಲದಲ್ಲಿ ಮೇಲುಕೀಳುಗಳನ್ನೆಣಿಸುವವರನ್ನು ಸುಡುಗಾಡಿನ ಒಡೆಯ ನಕ್ಕು ಕೆಣಕುವ ಹಾಡು ಅದು. ಇಂದಿಗೂ ಕರ್ಣಾಟಕದಲ್ಲಿ ಅದನ್ನು ಗುನುಗದವರು ಕಡಿಮೆ. ಆ ಮಾತಿಗೆ ಆ ಮನುಷ್ಯನ ಬಾಯನ್ನೇ ಕೊಟ್ಟದ್ದು ನಿರ್ದೇಶಕರ ಒಳ್ಳೆಯ ಬುದ್ಧಿ. ಕವಿಯ ಅಕ್ಷರಕ್ಕಲ್ಲ, ಕವಿಯ ಇಂಗಿತಕ್ಕೆ ಅವರು ನಿಷ್ಠರಾಗಿದ್ದಾರೆ. ಆದರೆ ಜನರ ನಾಲಗೆಯ ಮೇಲೆ ಉಳಿದದ್ದು ವೀರಬಾಹುವಿನ ನಗು. ಆ ಇಬ್ಬರು ಹೆಣ್ಣುಮಕ್ಕಳ ವಾದ ಕಾವ್ಯವನ್ನು ಓದಿದವರಲ್ಲಿ ಮಾತ್ರ ಉಳಿಯಿತು.

ಇದನ್ನು ನಮಗೆ ಮನಗಾಣಿಸಿದವಳು ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿನಿ. ಪಾಠದಲ್ಲಿ ಈ ಪ್ರಸಂಗವನ್ನು ನಾವು ಕೊಂಚ ವೇಗವಾಗಿಯೇ ಮುಗಿಸುತ್ತಿದ್ದೆವೆಂದು ಒಪ್ಪಿಕೊಳ್ಳಬೇಕು; ಪರೀಕ್ಷೆಗೆ ಬರುವುದು ಸ್ಮಶಾನದ ಪ್ರಲಾಪವೇ ಹೆಚ್ಚು. ಆಕೆ ಎದ್ದುನಿಂತು, "ಸಾರ್, ಅವರಿಬ್ಬರೂ ಆಮೇಲೆ ಎಲ್ಲಿ ಹೋದರು?" ಎಂದು ಕೇಳಿದಳು. ಅವರು ಮಾಯೆಯಿಂದ ಹುಟ್ಟಿದವರು, ಕೆಲಸ ಮುಗಿದ ಮೇಲೆ ಅವರ ಮಾತೇಕೆ, ಎಂದೆವು. "ಹೊಡೆತ ಮಾಯೆಯಲ್ಲವಲ್ಲ, ಸಾರ್," ಎಂದಳು. ತರಗತಿ ನಕ್ಕಿತು, ಆಕೆ ನಗಲಿಲ್ಲ. ಆ ಗಂಟೆಯ ಉಳಿದ ಪಾಠ ನಮಗೆ ಸರಿಯಾಗಿ ಸಾಗಲಿಲ್ಲ.

ಈ ಕಥೆಯನ್ನು ಮತ್ತೆ ಯಾರಾದರೂ ತೆರೆಗೆ ತಂದರೆ ಬೇರೆಲ್ಲ ಪ್ರಸಂಗಗಳಿಗಿಂತ ಮೊದಲು ಇದನ್ನೇ ನೋಡಬೇಕೆಂದು ನಮಗೆ ಆಸೆ. ಇದಕ್ಕೆ ದೊಡ್ಡ ಖರ್ಚೂ ಬೇಡ. ಚಿತ್ರಮಂದಿರದ ಕತ್ತಲಲ್ಲಿ ಕುಳಿತವರು ಕಣ್ಣನ್ನೂ ಕಿವಿಯನ್ನೂ ಒಪ್ಪಿಸಿರುತ್ತಾರೆ. ಆ ಹೆಣ್ಣುಮಕ್ಕಳ ಹಾಡನ್ನು ಕೇಳಿರುತ್ತಾರೆ, ರೂಪನ್ನು ಕಂಡಿರುತ್ತಾರೆ, ಮೆಚ್ಚಿಯೂ ಇರುತ್ತಾರೆ. ಆಗ ಬರುವ ಆ ಪ್ರಶ್ನೆ ಅರಸನೊಬ್ಬನಿಗೇ ಕೇಳಿದ್ದಾಗಿರುವುದಿಲ್ಲ. ಸತ್ತಿಗೆಯ ನೆರಳು ನೆಲದ ಮೇಲೆ ದುಂಡಗೆ ಬಿದ್ದಿರಲಿ. ಅರಸನೂ ಪರಿವಾರವೂ ಅದರೊಳಗೆ. ಅದರ ಅಂಚಿನಿಂದ ಒಂದು ಗೇಣು ಆಚೆಗೆ, ಬಿಸಿಲಿನಲ್ಲಿ, ಹಾಡಿ ಮುಗಿಸಿದ ಇಬ್ಬರು ನಿಂತಿರಲಿ. ಯಂತ್ರವು ಅರಸನ ಕಡೆಗೆ ತಿರುಗುವುದಕ್ಕೆ ಅವಸರಪಡದೆ, ಅವರ ಮುಖಗಳ ಬಳಿಯಲ್ಲಿಯೇ ಸ್ವಲ್ಪ ಹೊತ್ತು ಇದ್ದರೆ ಸಾಕು.