ವಿಲಾಪವೂ ವಿಶ್ವಾಸವೂ



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಮಹನೀಯರು ವಿಷಯದ ಆಯ್ಕೆಯನ್ನು ಉಪನ್ಯಾಸಕನ ವಿವೇಚನೆಗೇ ಬಿಟ್ಟಿರುವುದರಿಂದ, ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಕಷ್ಟ ಬಂದೊದಗಿದಾಗಲೆಲ್ಲ ಪಿಸುಮಾತಿನಲ್ಲಿ ಕೇಳಿಬರುವ, ಆದರೆ ಪ್ರಸಂಗಪೀಠದಿಂದ ಅಪರೂಪವಾಗಿ ಮಾತ್ರ ಉತ್ತರ ದೊರೆಯುವ ಪ್ರಶ್ನೆಯೊಂದನ್ನು ಎತ್ತಿಕೊಳ್ಳುವ ಧೈರ್ಯ ಮಾಡಿದ್ದೇನೆ. ರೋಗ, ಸಾಲ, ಮಕ್ಕಳ ಮರಣ, ಮತಿವಿಕಲ್ಪ ಇವುಗಳಲ್ಲಿ ಒಂದಲ್ಲ, ಹಲವು ಒಟ್ಟಾಗಿ ಒಂದೇ ಮನೆಯ ಮೇಲೆ ಬಂದೆರಗಿದಾಗ ಆ ಮನೆಯವರು ದೇವರಲ್ಲಿಟ್ಟ ವಿಶ್ವಾಸವನ್ನು ಉಳಿಸಿಕೊಳ್ಳುವ ಬಗೆ ಯಾವುದು? ಸಂತಾಪ ಸೂಚಿಸಲು ಬಂದ ಬಂಧುಗಳು ಸಾಮಾನ್ಯವಾಗಿ ಹೇಳುವ ಮಾತು ಎಲ್ಲರಿಗೂ ಗೊತ್ತಿದೆ: ಅಳಬಾರದು, ಎಲ್ಲವೂ ದೇವರ ಚಿತ್ತ, ವಿಶ್ವಾಸಿಯಾದವನು ಎದೆಗುಂದತಕ್ಕದ್ದಲ್ಲ. ಸದುದ್ದೇಶದಿಂದಲೇ ಹೊರಟ ಈ ಮಾತು ಕೇಳುವವನ ಪಾಲಿಗೆ ಎರಡನೆಯ ಪೆಟ್ಟಾಗುತ್ತದೆ. ಮೊದಲನೆಯದು ಅವನ ಸುಖವನ್ನು ಕಸಿದರೆ, ಇದು ಅವನ ವಿಶ್ವಾಸವೇ ಸಾಲದಾಯಿತೆಂಬ ಆರೋಪವನ್ನು ಹೊರಿಸುತ್ತದೆ. ದೇವರ ಮುಂದೆ ದೂರು ಹೇಳುವುದು ಅವಿಶ್ವಾಸವಲ್ಲವೆಂಬುದೂ, ವಿಶ್ವಾಸವು ಒಬ್ಬನೇ ಹೊತ್ತು ತೀರಿಸಬೇಕಾದ ಹೊರೆಯಲ್ಲವೆಂಬುದೂ ನನ್ನ ಅಭಿಪ್ರಾಯ. ಇದಕ್ಕೆ ಸತ್ಯವೇದದ ಸಾಕ್ಷ್ಯವನ್ನು ಸಂಕ್ಷೇಪವಾಗಿಯೂ, ಕನ್ನಡ ನುಡಿಗೂ ಸಂಬಂಧಪಟ್ಟ ಒಂದು ಜೀವನದ ಸಾಕ್ಷ್ಯವನ್ನು ತುಸು ವಿಸ್ತಾರವಾಗಿಯೂ ತಮ್ಮ ಮುಂದಿಡುತ್ತೇನೆ.

ಕೀರ್ತನೆಗಳ ಗ್ರಂಥದಲ್ಲಿರುವ 150 ಕೀರ್ತನೆಗಳನ್ನು ಬಗೆಬಗೆಯಾಗಿ ವಿಂಗಡಿಸಿದ ಪಂಡಿತರು ಅವುಗಳಲ್ಲಿ ಅತ್ಯಧಿಕವಾಗಿರುವುದು ಸ್ತುತಿಯಲ್ಲ, ವಿಲಾಪವೆಂದು ತೋರಿಸಿಕೊಟ್ಟಿದ್ದಾರೆ. ಸಾಮಾನ್ಯವಾಗಿ ಇಂಥ ಕೀರ್ತನೆಗಳು ಗೋಳಿನಿಂದ ಮೊದಲಾಗಿ ಕೊನೆಯಲ್ಲಿ ಭರವಸೆಯ ಕಡೆಗೆ ತಿರುಗುತ್ತವೆ. ಆದರೆ 88ನೆಯ ಕೀರ್ತನೆಯು ಹಾಗೆ ತಿರುಗದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಮತ್ತು ಅದನ್ನು ತಿದ್ದಬೇಕೆಂದಾಗಲಿ ತೆಗೆದುಹಾಕಬೇಕೆಂದಾಗಲಿ ಆ ಗ್ರಂಥವನ್ನು ಸಂಕಲಿಸಿದ ಹಿರಿಯರಿಗೆ ತೋರಲಿಲ್ಲ. ಬಾಬಿಲೋನಿನವರಿಂದ ಯೆರೂಸಲೇಮು ಹಾಳಾದ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥದ ರಚನೆಯಂತೂ ವಿಸ್ಮಯಕರವಾದುದು. ಅದರ ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು, ಇಬ್ರಿಯ ವರ್ಣಮಾಲೆಯ 22 ಅಕ್ಷರಗಳ ಕ್ರಮವನ್ನು ಹಿಡಿದು ನಡೆಯುತ್ತವೆ. ಊರು ಸುಟ್ಟು, ದೇವಾಲಯ ಬಿದ್ದು, ಜನ ಸೆರೆಹೋದ ಸಂದರ್ಭದಲ್ಲಿ ಕವಿಯು ತನ್ನ ದುಃಖವನ್ನು ಮೊದಲಕ್ಷರದಿಂದ ಕಡೆಯಕ್ಷರದವರೆಗೆ, ಏನನ್ನೂ ಬಿಡದೆ, ದೇವರ ಮುಂದೆ ಲೆಕ್ಕ ಒಪ್ಪಿಸಿದ್ದಾನೆ. ಐದನೆಯ ಅಧ್ಯಾಯದಲ್ಲಿ ಪದ್ಯಗಳ ಸಂಖ್ಯೆ 22 ಆಗಿಯೇ ಉಳಿದು, ಅಕ್ಷರಕ್ರಮವು ಮಾತ್ರ ಕಳಚಿಹೋಗುತ್ತದೆ. ದುಃಖವನ್ನು ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಯೋಬನ ಮಿತ್ರರು ಏಳು ಹಗಲು ಏಳು ರಾತ್ರಿ ಅವನ ಬಳಿ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಮಿತ್ರರಾಗಿಯೇ ಇದ್ದರು; ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ವಹಿಸಲು ಹೊರಟಾಗ ಕೆಟ್ಟರು. ಗ್ರಂಥಾಂತ್ಯದಲ್ಲಿ ದೇವರು ಯುಕ್ತವಾಗಿ ಮಾತನಾಡಿದವನೆಂದು ಎತ್ತಿಹಿಡಿದದ್ದು ತನ್ನೊಡನೆ ವಾದಕ್ಕಿಳಿದ ಯೋಬನನ್ನೇ ಹೊರತು ತನ್ನನ್ನು ಸಮರ್ಥಿಸಿದ ಆ ಮಿತ್ರರನ್ನಲ್ಲ. ಇನ್ನು ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿಯು ಸಂಕಟವು ತನ್ನಿಂದ ತೊಲಗಲೆಂದು ಬೇಡಿದನು. ಬೇಡುವ ಮುನ್ನ ಮೂವರು ಶಿಷ್ಯರನ್ನು ತನ್ನೊಡನೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಈ ಎರಡನೆಯ ಕೋರಿಕೆಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಂಕಟದ ರಾತ್ರಿಯಲ್ಲಿ ಜೊತೆಗಾರರು ಬೇಕೆಂದು ಆತನಿಗೇ ಅನಿಸಿದ ಮೇಲೆ, ಸಾಮಾನ್ಯ ವಿಶ್ವಾಸಿಯು ಒಂಟಿಯಾಗಿಯೇ ಗೆಲ್ಲಬೇಕೆಂದು ವಿಧಿಸುವ ಅಧಿಕಾರ ಯಾರಿಗುಂಟು?

ನಾನು ಹೇಳಹೊರಟ ಜೀವನವು ವಿಲಿಯಂ ಕೇರಿಯದು. 1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿ, ಮೆಟ್ಟು ಹೊಲಿಯುವ ಕಸುಬನ್ನು ಕಲಿತು, ಅದನ್ನು ಮಾಡುತ್ತಲೇ ಹಲವು ಭಾಷೆಗಳನ್ನು ವಶಪಡಿಸಿಕೊಂಡು, 1793ರ ನವೆಂಬರಿನಲ್ಲಿ ಮಿಶನರಿಯಾಗಿ ಕಲ್ಕತ್ತೆಯಲ್ಲಿ ಬಂದಿಳಿದ ಈ ಮನುಷ್ಯನ ಕೀರ್ತಿಯನ್ನು ಹಾಡುವ ಚರಿತ್ರೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ಆತನ ಹೆಂಡತಿಯ ವಿಷಯವನ್ನು ನಾಲ್ಕು ಸಾಲುಗಳಲ್ಲಿ ದಾಟಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಪ್ರಶ್ನೆ ಇರುವುದು ಅಲ್ಲಿಯೇ.

ಡೊರೊಥಿ ಪ್ಲಾಕೆಟ್ ಓದುಬರಹ ಬಾರದ ಹಳ್ಳಿಯ ಹೆಣ್ಣು. 1781ರಲ್ಲಿ ಮದುವೆಯ ದಾಖಲೆಯಲ್ಲಿ ಅವಳು ಹಾಕಿದ್ದು ಸಹಿಯಲ್ಲ, ಒಂದು ಗೀಟು. ಇಂಗ್ಲೆಂಡಿನಲ್ಲಿದ್ದಾಗಲೇ ಎರಡು ಹೆಣ್ಣು ಶಿಶುಗಳನ್ನು ಮಣ್ಣಿಗೆ ಕೊಟ್ಟಿದ್ದ ಅವಳು, ಗಂಡನು ಬಂಗಾಳಕ್ಕೆ ಹೋಗುವೆನೆಂದಾಗ ಬರಲಾರೆನೆಂದು ಸ್ಪಷ್ಟವಾಗಿ ಹೇಳಿದಳು. ಹೊರಡಬೇಕಾಗಿದ್ದ ಹಡಗು ತಪ್ಪಿ, ಗಂಡನು ಮತ್ತೆ ಬಂದು ಒತ್ತಾಯಿಸಿದಾಗ, ತಂಗಿಯೂ ಜೊತೆಗೆ ಬರುವುದಾದರೆ ಎಂಬ ಕರಾರಿನ ಮೇಲೆ, ಕೆಲವೇ ವಾರಗಳ ಹಸುಗೂಸನ್ನು ಎತ್ತಿಕೊಂಡು ಹಡಗು ಹತ್ತಿದಳು. ಜೊತೆಯಲ್ಲಿ ಬಂದ ಟಾಮಸ್ ಎಂಬ ವೈದ್ಯನ ದುಂದಿನಿಂದ ಕೈಯಲ್ಲಿದ್ದ ಹಣವೆಲ್ಲ ಕಲ್ಕತ್ತೆಯಲ್ಲಿಯೇ ಕರಗಿತು. ಸುಂದರಬನದ ಅಂಚಿನಲ್ಲಿ ಕೆಲಕಾಲ ಕಳೆದು, 1794ರಲ್ಲಿ ಮಾಲ್ದಾ ಸೀಮೆಯ ಮದನಾಬತಿಯಲ್ಲಿ ನೀಲಿಯ ಕಾರ್ಖಾನೆಯೊಂದರ ಮೇಲ್ವಿಚಾರಣೆ ಕೇರಿಗೆ ದೊರೆತು ಊಟಕ್ಕೆ ದಾರಿಯಾಯಿತು. ಅದೇ ವರ್ಷ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ಸತ್ತನು. ಅನ್ಯಜಾತಿಯ ಶವವನ್ನು ಮುಟ್ಟಿದರೆ ಊರವರು ಬಹಿಷ್ಕಾರ ಹಾಕುವರೆಂಬ ಭಯದಿಂದ ಕುಣಿ ತೋಡಲೂ ಯಾರೂ ಮುಂದೆ ಬರಲಿಲ್ಲ. ಬಹಳ ಬೇಡಿಕೊಂಡ ಮೇಲೆ ಕೆಲವರು ಮುಸಲ್ಮಾನರು ಆ ಉಪಕಾರ ಮಾಡಿದರು. ತಂದೆಯೂ ಆಗ ಜ್ವರದಿಂದ ಮೇಲೇಳಲಾರದ ಸ್ಥಿತಿಯಲ್ಲಿದ್ದನು.

ಡೊರೊಥಿಯ ಬುದ್ಧಿ ಇದಾದ ಮೇಲೆ ಸ್ಥಿಮಿತಕ್ಕೆ ಬರಲಿಲ್ಲ. ಗಂಡನು ಪರಸ್ತ್ರೀಯರಲ್ಲಿ ಆಸಕ್ತನೆಂಬ ನಿರಾಧಾರವಾದ ಸಂಶಯವು ಅವಳ ಮನಸ್ಸನ್ನು ತಿಂದುಹಾಕಿತು. ಕೇರಿ ಆ ವರ್ಷಗಳಲ್ಲಿ ಬರೆದ ದಿನಚರಿಯಲ್ಲಿ ಬೆಳಗಿನ ಪ್ರಾರ್ಥನೆಯ ಪಕ್ಕದಲ್ಲಿಯೇ ಒಂಟಿತನದ ಗೋಳೂ, ತನ್ನ ಹೃದಯ ಶುಷ್ಕವಾಗಿದೆಯೆಂಬ ದೂರೂ, ಒಬ್ಬ ಸ್ನೇಹಿತನಾದರೂ ಹತ್ತಿರವಿದ್ದಿದ್ದರೆ ಎಂಬ ಹಂಬಲವೂ ಮತ್ತೆ ಮತ್ತೆ ಕಾಣುತ್ತವೆ. ಆತನ ಭಕ್ತರು ಮುಚ್ಚಿಡಬಯಸಬಹುದಾದ ಈ ಪುಟಗಳೇ ನನಗೆ ಅತ್ಯಂತ ವಿಶ್ವಾಸಾರ್ಹವಾಗಿ ತೋರುತ್ತವೆ, ಏಕೆಂದರೆ ಆ ದೂರೆಲ್ಲವೂ ದೇವರ ಎದುರಿನಲ್ಲಿಯೇ ನಡೆದಿದೆ. ಮುನಿಸಿಕೊಂಡವನು ಮನೆ ಬಿಟ್ಟು ಹೋಗಿಲ್ಲ.

1800ರ ಆರಂಭದಲ್ಲಿ ಕೇರಿಯ ಸಂಸಾರವು ಡೇನರ ಆಳ್ವಿಕೆಯಲ್ಲಿದ್ದ ಹೂಗ್ಲಿ ತೀರದ ಶ್ರೀರಾಮಪುರಕ್ಕೆ ಬಂದು ಮಾರ್ಷ್‌ಮನ್, ವಾರ್ಡ್ ಎಂಬ ಹೊಸ ಸಹೋದ್ಯೋಗಿಗಳ ಜೊತೆ ಒಂದೇ ಅಡಿಗೆಯ ಮನೆತನವಾಗಿ ನೆಲೆಸಿತು. ಆ ವರ್ಷದ ಡಿಸೆಂಬರ್ 28ರಂದು ಕೃಷ್ಣಪಾಲನೆಂಬ ಬಡಗಿಗೆ ನದಿಯಲ್ಲಿ ದೀಕ್ಷಾಸ್ನಾನವಾಯಿತು. ಏಳು ವರ್ಷಗಳ ದುಡಿಮೆಗೆ ಮೊದಲ ಫಲ. ಆ ದಿನ ಡೊರೊಥಿ ಒಂದು ಕೋಣೆಯಲ್ಲಿ ಕೂಗಾಡುತ್ತಿದ್ದಳು. ಕೃಷ್ಣಪಾಲನ ಕೀಲು ತಪ್ಪಿದ ತೋಳನ್ನು ಕೂಡಿಸಿ ಅವನನ್ನು ಮೊದಲು ಕರೆತಂದಿದ್ದ ವೈದ್ಯ ಟಾಮಸನೇ ಸಂತೋಷಾತಿರೇಕದಿಂದ ಬುದ್ಧಿ ಕೆಟ್ಟು ಇನ್ನೊಂದು ಕೋಣೆಯಲ್ಲಿದ್ದನು.

ಹೆಂಡತಿಯನ್ನು ಹುಚ್ಚರ ಆಸ್ಪತ್ರೆಗೆ ಸೇರಿಸೆಂದು ಬಂದ ಸಲಹೆಗೆ ಕೇರಿ ಒಪ್ಪಲಿಲ್ಲ. 1807ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ ಅವಳು ಮನೆಯಲ್ಲಿಯೇ ಉಳಿದಳು, ಪಕ್ಕದ ಕೋಣೆಯಲ್ಲಿ ಸತ್ಯವೇದದ ಭಾಷಾಂತರ ಸಾಗುತ್ತಿತ್ತು. ಇದನ್ನು ಕೇಳಿ ಆತನ ಸ್ಥೈರ್ಯವನ್ನು ಕೊಂಡಾಡುವುದು ಸುಲಭ. ಆದರೆ ಆ ಸ್ಥೈರ್ಯದ ಬೆಲೆಯಲ್ಲಿ ಒಂದು ಪಾಲನ್ನು ಅವಳು ತೆತ್ತಳೆಂಬುದನ್ನು ನಾವು ಹೇಳದೆ ಬಿಡಬಾರದು. ಬರಲಾರೆನೆಂದವಳನ್ನು ಕರೆತಂದ ಹೊಣೆ ಆತನ ಮೇಲಿಂದ ಇಳಿಯತಕ್ಕದ್ದಲ್ಲ. ಡೊರೊಥಿಯ ವಿಶ್ವಾಸವೇನಾಯಿತು? ಅದನ್ನು ಹಿಡಿದುಕೊಳ್ಳಬೇಕಾದ ಬುದ್ಧಿಯೇ ಅವಳ ಕೈತಪ್ಪಿದ ಮೇಲೆ, ಹಿಡಿದುಕೋ ಎಂದು ಅವಳಿಗೆ ಉಪದೇಶಿಸುವುದರಲ್ಲಿ ಅರ್ಥವಿರಲಿಲ್ಲ. ಅವಳಿಗೆ ಬದಲಾಗಿ ಆ ಮನೆಯ ಮೇಜಿನ ಸುತ್ತ ಕುಳಿತವರು, ಮುಖ್ಯವಾಗಿ ಅವಳ ಮಕ್ಕಳಿಗೆ ತಾಯಿಯಂತಾದ ಹನ್ನಾ ಮಾರ್ಷ್‌ಮನ್, ಪ್ರತಿದಿನವೂ ಪ್ರಾರ್ಥಿಸಿದರು. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತುತಂದು ಚಾವಣಿ ಬಿಚ್ಚಿ ಇಳಿಸಿದ ವೃತ್ತಾಂತದಲ್ಲಿ ಮಾರ್ಕನು ಹೇಳುವುದು, ಯೇಸು ಆ ಹೊತ್ತುತಂದವರ ವಿಶ್ವಾಸವನ್ನು ಕಂಡನೆಂದು. ಮಲಗಿದ್ದವನಲ್ಲಿ ಅದು ಎಷ್ಟಿತ್ತೆಂಬುದನ್ನು ಅಲ್ಲಿ ಯಾರೂ ಅಳೆಯಲಿಲ್ಲ.

ಇನ್ನು 1812ರ ಮಾರ್ಚ್ 11ರ ಸಂಜೆ. ಶ್ರೀರಾಮಪುರದಲ್ಲಿ ಕೇರಿಯೂ ಸಹೋದ್ಯೋಗಿಗಳೂ ನಡೆಸುತ್ತಿದ್ದ ಅಚ್ಚುಕೂಟದಲ್ಲಿ ಕಾಗದ ತುಂಬಿಟ್ಟಿದ್ದ ಕಡೆ ಬೆಂಕಿ ಹೊತ್ತಿತು. ವಾರ್ಡನು ಕಿಟಕಿ ಬಾಗಿಲುಗಳನ್ನು ಮುಚ್ಚಿಸಿ, ಗಾಳಿಯಾಡದಂತೆ ಮಾಡಿ, ಮಾಳಿಗೆಯಲ್ಲಿ ಕಂಡಿ ಕೊರೆಯಿಸಿ ಗಂಟೆಗಟ್ಟಲೆ ನೀರು ಹೊಯ್ಯಿಸಿದನು. ಹತೋಟಿಗೆ ಬರುತ್ತಿದೆಯೆನ್ನುವಷ್ಟರಲ್ಲಿ ಯಾರೋ ಕಿಟಕಿಯೊಂದನ್ನು ತೆರೆದುದರಿಂದ ಜ್ವಾಲೆ ಭುಗಿಲೆದ್ದು ಚಾವಣಿ ಕುಸಿಯಿತು. ಜೀವಹಾನಿಯಾಗಲಿಲ್ಲ. ಅನೇಕ ಲಿಪಿಗಳ ಅಚ್ಚುಮೊಳೆಗಳು ಕರಗಿ ಸೀಸದ ಮುದ್ದೆಯಾದುವು. ಸಂಸ್ಕೃತವನ್ನೂ ಅದಕ್ಕೆ ಸಂಬಂಧಿಸಿದ ಭಾರತೀಯ ಭಾಷೆಗಳನ್ನೂ ಕುರಿತು ಕೇರಿ ಬಹುಕಾಲದಿಂದ ಕೂಡಿಸುತ್ತಿದ್ದ ಮಹಾಕೋಶವೂ, ತೆಲುಗು ವ್ಯಾಕರಣವೂ, ರಾಮಾಯಣದ ಭಾಷಾಂತರದ ಭಾಗವೂ, ಅವುಗಳೊಡನೆ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾದುವು. ಫೋರ್ಟ್ ವಿಲಿಯಂ ಕಾಲೇಜಿನ ಅಧ್ಯಾಪಕನಾಗಿ ಆ ದಿನ ಕಲ್ಕತ್ತೆಯಲ್ಲಿದ್ದ ಕೇರಿಗೆ ಮರುದಿನ ಮಾರ್ಷ್‌ಮನ್ನನೇ ಹೋಗಿ ತಿಳಿಸಬೇಕಾಯಿತು.

ಆ ಬಳಿಕದ ಭಾನುವಾರದ ಪ್ರಸಂಗಕ್ಕೆ ಕೇರಿ ಆರಿಸಿಕೊಂಡದ್ದು 46ನೆಯ ಕೀರ್ತನೆಯನ್ನು. ಆತನ ಪತ್ರಗಳಲ್ಲಿ ನಷ್ಟದ ಪಟ್ಟಿ ಇದೆ, ನೋವು ಇದೆ. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭವೆಂಬರ್ಥದ, ದುಡಿಮೆಗಾರನಿಗೆ ತಕ್ಕ ಒಂದು ಮಾತೂ ಇದೆ. ದೇವರು ಹೀಗೇಕೆ ಮಾಡಿದನೆಂಬುದಕ್ಕೆ ಸಮಾಧಾನಕರವಾದ ಸಿದ್ಧಾಂತವನ್ನು ಕಟ್ಟುವುದರಲ್ಲಿ ಆತನು ಬಹಳ ಹೊತ್ತು ಕಳೆದಂತೆ ಕಾಣುವುದಿಲ್ಲ. ಬೂದಿಯ ಕೆಳಗೆ ಮೊಳೆ ಎರೆಯುವ ಅಚ್ಚುಗಳು ಕೆಡದೆ ಉಳಿದಿದ್ದುದು ತಿಳಿದೊಡನೆ ಕರಗಿದ ಸೀಸವನ್ನೇ ಆರಿಸಿ ಮತ್ತೆ ಎರಕ ಹೊಯ್ಯುವ ಕೆಲಸ ಹಗಲಿರುಳು ನಡೆಯಿತು. ಆ ಕೆಲಸ ಮಾಡಿದ ಕೈಗಳು ಬಹುಮಟ್ಟಿಗೆ ಹಿಂದುಗಳವು. ಪಂಚಾನನ ಕರ್ಮಕಾರನಿಂದ ಆ ಅಚ್ಚುಕೂಟಕ್ಕೆ ಬಂದ ವಿದ್ಯೆಯನ್ನು ಅವನ ಅಳಿಯ ಮನೋಹರನು ಮುಂದುವರಿಸುತ್ತಿದ್ದನು. ಸುಟ್ಟ ಭಾಷಾಂತರಗಳನ್ನು ಪುನಃ ಬರೆಯುವಾಗ ಜೊತೆಗೆ ಕುಳಿತವರೂ ಬ್ರಾಹ್ಮಣ ಪಂಡಿತರೇ. ಕ್ರೈಸ್ತನೊಬ್ಬನ ವಿಶ್ವಾಸವು ಕುಸಿಯದಂತೆ ಹೆಗಲು ಕೊಟ್ಟವರಲ್ಲಿ ಆ ವಿಶ್ವಾಸವನ್ನು ಹಂಚಿಕೊಳ್ಳದವರೂ ಇದ್ದರೆಂಬುದನ್ನು ನಮ್ಮ ಸಭೆಗಳು ಕೃತಜ್ಞತೆಯಿಂದ ನೆನೆಯಬೇಕು. ಇಂಗ್ಲೆಂಡಿನ ಸಭೆಗಳೂ ಸುದ್ದಿ ತಲುಪಿದ ಎರಡು ತಿಂಗಳೊಳಗೆ ನಷ್ಟಕ್ಕೆ ಸಮನಾದ ಹಣವನ್ನು ಕೂಡಿಸಿದವು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಸಂತೋಷದಲ್ಲಿ ಮುಗಿಯುತ್ತದೆ. ಆದರೆ ಚರಿತ್ರೆ ಅಷ್ಟು ವಿಧೇಯವಾದುದಲ್ಲ. ಎರಡೇ ವರ್ಷದಲ್ಲಿ ಬರ್ಮಾದ ಐರಾವತಿ ನದಿಯಲ್ಲಿ ದೋಣಿ ಮಗುಚಿ ಹಿರಿಯ ಮಗ ಫೀಲಿಕ್ಸನ ಹೆಂಡತಿ ಮಕ್ಕಳು ಮುಳುಗಿದರು. 1823ರಲ್ಲಿ ದಾಮೋದರದ ಪ್ರವಾಹ ಬಂದು ಕೇರಿಯ ಪ್ರೀತಿಯ ಸಸ್ಯೋದ್ಯಾನವನ್ನು ಕೊಚ್ಚಿಕೊಂಡು ಹೋಯಿತು. ತನ್ನನ್ನು ಕಳುಹಿಸಿದ್ದ ಇಂಗ್ಲೆಂಡಿನ ಮಿಶನ್ ಸಂಘದೊಡನೆ ಬೆಳೆದ ವೈಮನಸ್ಯವು 1827ರಲ್ಲಿ ಸಂಬಂಧ ಕಡಿಯುವ ಮಟ್ಟಕ್ಕೆ ಹೋಯಿತು. ಇತರರ ವಿರೋಧಕ್ಕಿಂತ ಸ್ವಜನರ ಸಂಶಯವೇ ವೃದ್ಧಾಪ್ಯದಲ್ಲಿ ಆತನನ್ನು ಹೆಚ್ಚು ದಣಿಸಿತು. 1834ರ ಜೂನ್ 9ರಂದು ಶ್ರೀರಾಮಪುರದಲ್ಲಿಯೇ ತೀರಿಕೊಂಡನು. ಸಮಾಧಿಯ ಮೇಲೆ ಹಾಕಿಸಲು ಆತನೇ ಗೊತ್ತುಮಾಡಿದ್ದ ಸಾಲು, ಸಾಧನೆಯ ಒಂದು ಮಾತೂ ಇಲ್ಲದೆ, ದಿಕ್ಕಿಲ್ಲದವನೊಬ್ಬನ ಮೊರೆಯಾಗಿದೆ.

ಕನ್ನಡದ ಮಟ್ಟಿಗೆ ಏನಾಯಿತೆಂಬುದನ್ನು ಹೇಳಿ ವಿರಮಿಸುತ್ತೇನೆ. ಬೆಂಕಿಯಾದ ಐದು ವರ್ಷಕ್ಕೆ, 1817ರಲ್ಲಿ, ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. ಹೊಸ ಒಡಂಬಡಿಕೆಯ ಕನ್ನಡ ಭಾಷಾಂತರವನ್ನೂ ಎರಡನೆಯ ಸಲ ಮೊದಲಿನಿಂದ ಮಾಡಿ, 1820ರ ದಶಕದ ಆದಿಯಲ್ಲಿ ಮುದ್ರಿಸಿದರು. ಅಷ್ಟರಲ್ಲಿ ಬಳ್ಳಾರಿಯಲ್ಲಿ ನೆಲೆಸಿ, ಕನ್ನಡಿಗರ ನಡುವೆ ಆಡುತ್ತ ಕೇಳುತ್ತ ಭಾಷೆಯನ್ನು ಕಲಿತ ಜಾನ್ ಹ್ಯಾಂಡ್ಸ್ ಎಂಬ ಮಿಶನರಿ ತನ್ನ ಭಾಷಾಂತರವನ್ನು ಸಿದ್ಧಪಡಿಸುತ್ತಿದ್ದನು. 1831ರ ವೇಳೆಗೆ ಇಡೀ ಸತ್ಯವೇದವು ಕನ್ನಡದಲ್ಲಿ ಬಂದಾಗ ಸಭೆಗಳು ಓದಲು ಕೈಗೆತ್ತಿಕೊಂಡದ್ದು ಬಳ್ಳಾರಿಯ ಆ ಪಾಠವನ್ನೇ. ಕನ್ನಡ ಕೇಳುವ ಊರಿನಿಂದ ಬಹುದೂರದಲ್ಲಿ ಕುಳಿತು, ಒಮ್ಮೆ ಸುಟ್ಟುದನ್ನು ಮತ್ತೊಮ್ಮೆ ಬರೆದ ಕೇರಿಯ ಕನ್ನಡ ಹೊಸ ಒಡಂಬಡಿಕೆಯನ್ನು ಇಂದು ಪುಸ್ತಕಭಂಡಾರಗಳ ಸಂಶೋಧಕರ ಹೊರತು ಯಾರೂ ತೆರೆಯುವುದಿಲ್ಲ. ಎರಡನೆಯ ಪ್ರತಿ ಬರೆಯುತ್ತಿದ್ದಾಗ ಆತನಿಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೂ ಬರೆಯುತ್ತಿದ್ದನೆಂದು ನಾನು ನಂಬಿದ್ದೇನೆ, ಆದರೆ ಅದಕ್ಕೆ ನನ್ನಲ್ಲಿ ಪ್ರಮಾಣವಿಲ್ಲ.